ಅವನ ಕಾಲಿನ ಅಚ್ಚು

“ಅಲ್ಲಾ, ಒಣಮರ ಹೀಗೂ ಕುಗ್ಗುತ್ತಾ?”

ಅಂಗಡಿಯಲ್ಲಿ ಉತ್ತರ ಹೇಳುವವರು ಯಾರೂ ಇರಲಿಲ್ಲ. ಬೂಟು ಹೊಲಿಯುವವನು ತನ್ನದೇ ಪಾದದ ಮರದ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದರ ಮೇಲೆ ತೊಗಲು ಬಿಗಿದು, ಹದಿನೈದು ದಿನ ಕೂತು ಹೊಲಿದ ಹೊಸ ಜೋಡು ಎದುರಿಗಿತ್ತು. ಬೆರಳು ಒಳಗೆ ಹೋದರೆ ಹಿಮ್ಮಡಿ ಹೊರಗೆ. ಹೋದ ಸಲದ ಜೋಡೂ ಹೀಗೇ ಆಗಿತ್ತು; ಆಗ ತೊಗಲನ್ನು ಬೈದಿದ್ದ. ಈ ಸಲ ಮರವನ್ನು ಬೈದ.

ಗೋಡೆಯ ಉದ್ದಕ್ಕೂ ಗಿರಾಕಿಗಳ ಅಚ್ಚುಗಳು ತೂಗುತ್ತಿದ್ದವು. ಒಂದೊಂದರ ಅಡಿಗೂ ಪೆನ್ಸಿಲಿನಲ್ಲಿ ದುಂಡಗೆ ಬರೆದ ಹೆಸರು. ಬರೆದವಳು ಹೆಂಡತಿ, ಅಳತೆ ತೆಗೆಯುತ್ತಿದ್ದವಳೂ ಅವಳೇ. ತನ್ನ ಪಾದದ ಅಳತೆಯನ್ನು ತಾನೇ ತೆಗೆಯಲು ಯಾರಿಗೂ ಬರುವುದಿಲ್ಲ. ಬಗ್ಗಿದರೆ ಭಾರ ಮುಂದಕ್ಕೆ ಬಂದು ಪಾದ ಹರಡಿಕೊಳ್ಳುತ್ತದೆ. ನೆಟ್ಟಗೆ ನಿಂತವನ ಕಾಲ ಸುತ್ತ ಇನ್ನೊಬ್ಬರು ಗೆರೆ ಎಳೆಯಬೇಕು. ಅವಳು ಪದ್ಯ ಗುನುಗುತ್ತ ಎಳೆಯುತ್ತಿದ್ದಳು. ಪದ್ಯ ಮುಗಿಯುವಷ್ಟರಲ್ಲಿ ಎರಡು ಪಾದವೂ ಕಾಗದದ ಮೇಲಿರುತ್ತಿದ್ದವು. ಅವಳು ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಅವನ ಕಾಲಿಗೆ ಯಾರ ಪೆನ್ಸಿಲೂ ತಾಗಿರಲಿಲ್ಲ.

“ಅಣ್ಣಾ, ನಿಮ್ಮ ತಮ್ಮ ಇಲ್ವಾ?”

ಬಾಗಿಲಲ್ಲಿ ಬ್ಯಾಂಡ್ ಮೇಷ್ಟ್ರು ನಿಂತಿದ್ದರು. ಏಳು ವರ್ಷ ಪರವೂರಿನಲ್ಲಿದ್ದು ಮರಳಿದ ಹಳೆಯ ಗಿರಾಕಿ.

“ಯಾವ ತಮ್ಮ ಮೇಷ್ಟ್ರೇ? ನಾನೇ.”

ಮೇಷ್ಟ್ರು ನಕ್ಕರು. ಹತ್ತಿರ ಬಂದಾಗ ನಗು ನಿಂತಿತು. ದಪ್ಪಗಾದ ಮೂಗು, ಮುಂದೆ ಬಂದ ದವಡೆ, ಹಲ್ಲಿನ ನಡುವೆ ಸಂದು.

“ಏನಯ್ಯಾ ಇದು ನಿನ್ನ ಅವತಾರ? ದನಿ ಕೇಳಿದ್ರೆ ನನ್ನ ದೊಡ್ಡ ಡ್ರಮ್ಮೂ ನಾಚ್ಕೋಬೇಕು!”

“ವಯಸ್ಸಾಯ್ತಲ್ಲ.”

“ನಂಗೂ ಆಗಿದೆ. ನನ್ನ ಮೂಗು ಇದ್ದ ಹಾಗೇ ಇದೆ ಕಣಯ್ಯಾ.”

ಕುರ್ಚಿ ತರಲು ಎದ್ದವನ ಭುಜ ಕಪಾಟಿಗೆ ಬಡಿಯಿತು. ಬದಿಯಲ್ಲಿದ್ದದ್ದು ಈಚೆಗೆ ಅವನಿಗೆ ಕಾಣುತ್ತಿರಲಿಲ್ಲ. ತೊಗಲು ಕತ್ತರಿಸುವಾಗ ಚಾಕು ಗೆರೆ ಬಿಟ್ಟು ಹೋಗುತ್ತಿತ್ತು. ದೀಪ ಮಂಕೆಂದು ಎರಡು ಸಲ ಬಲ್ಬು ಬದಲಿಸಿದ್ದ. ಮೇಷ್ಟ್ರು ಕೂರಲಿಲ್ಲ. ಅವನ ಮೊಣಕೈ ಹಿಡಿದು ಆಸ್ಪತ್ರೆಗೆ ಹೊರಡಿಸಿದರು.

ಡಾಕ್ಟರಮ್ಮ ಎರಡೂ ಕಡೆಯಿಂದ ಬೆರಳು ಅಲ್ಲಾಡಿಸುತ್ತ ತಂದರು. ಬೆರಳುಗಳು ಮೂಗಿನ ನೇರಕ್ಕೆ ಬಂದಾಗ ಮಾತ್ರ ಅವನಿಗೆ ಕಂಡವು. ತಲೆನೋವು, ಬೆವರು ಎಲ್ಲ ಕೇಳಿದರು.

“ಗೊರಕೆ ಹೊಡೀತೀರಾ?”

“ಗೊತ್ತಿಲ್ಲಮ್ಮ. ಕೇಳಿಸ್ಕೊಂಡು ಹೇಳೋರು ಯಾರೂ ಇಲ್ಲ.”

ರಕ್ತ ಪರೀಕ್ಷೆ, ಸ್ಕ್ಯಾನು ಆದಮೇಲೆ ಅವರು ಬಿಡಿಸಿ ಹೇಳಿದರು. ಮಿದುಳಿನ ಅಡಿಯಲ್ಲಿ ಬಟಾಣಿಯಷ್ಟು ಗ್ರಂಥಿ, ಪಿಟ್ಯುಟರಿ ಅಂತ. ಅದರಲ್ಲಿ ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಅಲ್ಲ. ಆದರೆ ಬೆಳವಣಿಗೆಯ ಹಾರ್ಮೋನನ್ನು ಮಿತಿಯಿಲ್ಲದೆ ಸುರಿಸುತ್ತಿದೆ, ಕಣ್ಣಿನ ನರವನ್ನು ಒತ್ತುತ್ತಿದೆ. ಮೂಗಿನ ಒಳಗಿನಿಂದ ಹೋಗಿ ತೆಗೆಯಬೇಕು. ಬಿಟ್ಟರೆ ಕಣ್ಣು ಹೋಗುತ್ತದೆ.

“ಎಷ್ಟು ವರ್ಷದಿಂದ ಹೀಗೆ? ಒಂದು ಹಳೇ ಫೋಟೋ ತನ್ನಿ, ಗೊತ್ತಾಗುತ್ತೆ.”

ಮನೆಯಲ್ಲಿ ಇದ್ದದ್ದು ಒಂದೇ ಫೋಟೋ. ಅದರಲ್ಲಿ ಇದ್ದವಳು ಹೆಂಡತಿ ಮಾತ್ರ, ತೆಗೆದವನು ಅವನು. ಅದನ್ನು ಗೋಡೆಗೇ ಬಿಟ್ಟು, ಬಟ್ಟೆಯಲ್ಲಿ ಸುತ್ತಿ ಅಚ್ಚನ್ನು ತಂದ. ಡಾಕ್ಟರಮ್ಮ ಅದನ್ನು ಅವನ ಬರಿಗಾಲಿನ ಪಕ್ಕಕ್ಕಿಟ್ಟು ನೋಡಿದರು. ಎರಡು ಬೆರಳಿನಷ್ಟು ಅಂತರ.

“ಮರ ಕುಗ್ಗಿಲ್ಲ,” ಎಂದರು ಮೆಲ್ಲಗೆ.

“ಹೂಂ. ಗೊತ್ತಾಯ್ತು.”

ಒಪ್ಪಿಗೆಯ ಕಾಗದದಲ್ಲಿ ಜೊತೆಗಿರುವವರ ಸಹಿ ಬೇಕಿತ್ತು. ಮೇಷ್ಟ್ರು ಹಾಕಿದರು. ಸಂಬಂಧ ಎಂಬಲ್ಲಿ ಪೆನ್ನು ತುಸು ನಿಂತಿತು. ಆಮೇಲೆ ‘ಗಿರಾಕಿ’ ಎಂದು ಬರೆದರು.

ಎಚ್ಚರವಾದಾಗ ಮೂಗಿನ ತುಂಬ ಹತ್ತಿ, ಬಾಯಿಯಲ್ಲೇ ಉಸಿರು. ಮೂಗು ಸೀಟಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದು ನರ್ಸು ಹೇಳುತ್ತಲೇ ಇದ್ದಳು. ಅವನು ಕತ್ತು ತಿರುಗಿಸದೆ ಮಲಗಿದ್ದ. ಎಡಕ್ಕೆ, ಮಸುಕಾಗಿಯಾದರೂ, ಕಿಟಕಿ ಕಾಣುತ್ತಿತ್ತು. ಬಲಕ್ಕೆ ಕುರ್ಚಿ ಇತ್ತು. ಮೇಷ್ಟ್ರು ತಾಲೀಮಿಗೆ ಹೋಗಿದ್ದರಿಂದ ಅದು ಖಾಲಿಯಿತ್ತು. ಖಾಲಿ ಕುರ್ಚಿಯನ್ನು ಅವನು ಬಹಳ ಹೊತ್ತು ನೋಡಿದ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಅವನ ಕೈ ಹಿಡಿದು ಬೆರಳುಗಳನ್ನು ಒತ್ತಿ ನೋಡಿದರು.

“ಊತ ಇಳೀತಿದೆ, ಇನ್ನೂ ಇಳಿಯುತ್ತೆ. ರಕ್ತ ಮಾತ್ರ ಆಗಾಗ ತೋರಿಸ್ತಿರಬೇಕು. ಹಾರ್ಮೋನು ಹತೋಟಿಗೆ ಬರದಿದ್ರೆ ಇಂಜೆಕ್ಷನ್ ಇದೆ.”

“ಕಾಲು?”

“ಬೆಳೆದ ಮೂಳೆ ಹಿಂದಕ್ಕೆ ಹೋಗಲ್ಲ. ಹೊಸ ಅಚ್ಚು ಮಾಡಿಸ್ಕೊಳ್ಳಿ.”

ಅವನು ತಲೆಯಾಡಿಸಿದ. ಗೆರೆ ಎಳೆಯುವವರು ಯಾರು ಎಂದು ಕೇಳಲಿಲ್ಲ.

ಡಾಕ್ಟರಮ್ಮ ಮೇಜಿನ ಮೇಲಿದ್ದ ಅಚ್ಚನ್ನು ಎತ್ತಿಕೊಂಡರು. “ಇದು ಇನ್ನು ನಿಮಗೆ ಉಪಯೋಗಕ್ಕೆ ಬರಲ್ಲ. ನಮ್ಮ ಕಾಲೇಜಿಗೆ ಕೊಡ್ತೀರಾ? ಯಾವ ಫೋಟೋನೂ ಇಷ್ಟು ಚೆನ್ನಾಗಿ ಹೇಳಲ್ಲ. ಇದನ್ನ ನೋಡಿದ ವಿದ್ಯಾರ್ಥಿ ನಾಳೆ ಇನ್ನೊಬ್ಬರಿಗೆ ಬೇಗ ಕಂಡುಹಿಡೀತಾನೆ.”

ನ್ಯಾಯವಾದ ಮಾತು. ಅವನು ಕೈ ಚಾಚಿ ಅಚ್ಚನ್ನು ತೆಗೆದುಕೊಂಡು ಬೋರಲು ಮಾಡಿದ. ಅಂಗಡಿಯ ಅಷ್ಟೂ ಅಚ್ಚುಗಳ ಮೇಲೆ ಹೆಸರಿತ್ತು. ಇದರ ಮೇಲೆ ಅದೇ ಪೆನ್ಸಿಲಿನಲ್ಲಿ, ಅದೇ ದುಂಡು ಅಕ್ಷರದಲ್ಲಿ, ‘ನಮ್ಮೋರು’ ಎಂದಿತ್ತು.

ಹೊರಗೆ ತಾಲೀಮು ಮುಗಿಸಿ ಬಂದ ಮೇಷ್ಟ್ರು ಕೆಮ್ಮಿದ್ದು ಕೇಳಿಸಿತು. ಅವನು ಅಚ್ಚನ್ನು ಬಟ್ಟೆಯಲ್ಲಿ ಸುತ್ತಿದ, ಮೊದಲು ಹಿಮ್ಮಡಿ, ಆಮೇಲೆ ಬೆರಳಿನ ಕಡೆ.

“ಇಲ್ಲಮ್ಮ,” ಎಂದ. “ಇದನ್ನ ಕೊಡಲ್ಲ.”