ಮಾಲಿ ಕುಂಟಿದ್ದು ಯಾವ ಕಾಲಲ್ಲಿ?

ಪತ್ತೇದಾರಿ ಕಾದಂಬರಿಯವರ ವಾರ್ಷಿಕ ಸಮ್ಮೇಳನವೆಂದರೆ ಒಂದೇ ಸೂರಿನಡಿ ಊರಿನ ಅಷ್ಟೂ ಅನುಮಾನದ ಪ್ರಾಣಿಗಳು. ಕಾಫಿ ಸ್ವಲ್ಪ ಕಹಿಯಾಗಿದ್ದರೆ ಸಾಕು, ಮೂಸಿ ನೋಡಿ ಪಕ್ಕದವರ ಮುಖ ನೋಡುತ್ತಾರೆ. ‘ಚೆನ್ನಾಗಿದ್ದೀರಾ?’ ಎಂದರೆ ‘ಯಾಕೆ ಕೇಳಿದ್ರಿ?’ ಎನ್ನುವ ಜನ.

ಅಂಥವರ ನಡುವೆ ಪಟಾಕಿ ತನ್ನ ತಾತನ ತೋಳು ಹಿಡಿದು ಕಾರಿನಿಂದ ಇಳಿದಳು. ಮೊಮ್ಮಗಳಿಗೆ ಆ ಹೆಸರಿಟ್ಟವನು ತಾತನೇ. ಅವನ ಕೈ ನಡುಗಲು ಶುರುವಾದ ಮೇಲೆ ಅವನು ಕಥೆ ಹೇಳುವುದು, ಇವಳು ಟೈಪ್ ಮಾಡುವುದು. ಹಾಗೆ ಮುಗಿದ ಕಾದಂಬರಿ ಈ ಸಲ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದಿತ್ತು.

“ಪುಟ್ಟಾ, ನಾನೇನಾದ್ರೂ ಮರೆತ್ರೆ ಮೆಲ್ಲಗೆ ಚಿವುಟು,” ಎಂದ ತಾತ. “ಈ ಜನ ನನ್ನ ಪುಸ್ತಕ ಓದಿ ರಾತ್ರಿ ಲೈಟ್ ಹಾಕ್ಕೊಂಡು ಮಲಗಿದೋರು. ಅವ್ರ ಬಾಯಲ್ಲಿ ‘ಅಯ್ಯೋ ಪಾಪ’ ಅಂತ ಮಾತ್ರ ಅನ್ನಿಸ್ಕೊಳ್ಳೋದು ಬೇಡ ಕಣೆ.”

“ಹೀರೋ ಎಂಟ್ರಿ ಟೈಮಲ್ಲಿ ಸೆಂಟಿಮೆಂಟ್ ಸೀನ್ ಯಾಕೆ ತಾತ? ನಡಿ, ಸ್ಲೋ ಮೋಷನ್ನಲ್ಲಿ ಹೋಗೋಣ.”

“ನನ್ನ ಮಂಡಿಗೆ ಬರೋದು ಅದೊಂದೇ ಮೋಷನ್ನು.”

ಕಾಫಿ ಬಿಡುವಿನಲ್ಲಿ ಹಲ್ಲಿನ ಡಾಕ್ಟರೊಬ್ಬರು ಓಡೋಡಿ ಬಂದರು. ತಾತನ ಹಳೆಯ ಅಭಿಮಾನಿ. “ಸಾರ್, ಕಾಲು ಹಿಡಿದೆ ಸಾರ್!”

“ಯಾರದ್ದು?” ಎಂದಳು ಪಟಾಕಿ.

“ನಿಮ್ಮ ಕಾದಂಬರೀಲಿರೋ ಆ ಮಾಲೀದು! ಮೊದಲು ಎಡಗಾಲು ಕುಂಟ್ತಾನೆ, ಆಮೇಲೆ ಬಲಗಾಲು. ಅಲ್ಲೇ ಗೊತ್ತಾಯ್ತು, ಇವನು ನಾಟಕ ಆಡ್ತಿದಾನೆ, ಇವನೇ ಕೊಲೆಗಾರ ಅಂತ. ಎಂಥ ಸುಳಿವು ಸಾರ್! ಹೇಗೆ ಹೊಳೀತು?”

ತಾತ ನಕ್ಕ. ನಗು ತುಟಿಯಲ್ಲೇ ಇತ್ತು, ಕಣ್ಣು ಮಾತ್ರ ಎಲ್ಲೋ ದಾರಿ ತಪ್ಪಿದಂತೆ ಅಲೆಯಿತು. ಪಟಾಕಿ ಚಿವುಟಿದಳು. ಪ್ರಯೋಜನವಾಗಲಿಲ್ಲ.

“ಡಾಕ್ಟ್ರೇ,” ಎಂದು ಅವಳೇ ನಡುವೆ ನುಗ್ಗಿದಳು, “ಸುತ್ತ ನೋಡಿ. ಪುಸ್ತಕ ಓದದೇ ಇರೋರು ಎಷ್ಟು ಜನ ನಿಂತಿದಾರೆ! ನಡುಹಗಲಲ್ಲಿ ಸಸ್ಪೆನ್ಸ್ ಕೊಲೆ ಮಾಡಿದ್ರಿ. ಸರೆಂಡರ್ ಆಗ್ತೀರೋ, ಎನ್‌ಕೌಂಟರ್ ಬೇಕೋ?”

ಡಾಕ್ಟರು ಎರಡೂ ಕೈ ಎತ್ತಿ ನಗುತ್ತಾ ಹೋದರು. ತಾತ ಅವಳ ಕಿವಿಗೆ ಬಾಗಿದ.

“ಯಾವ ಕಾಲೇ? ನಾನು ಒಂದೇ ಕಾಲು ಅಂದ್ಕೊಂಡಿದ್ದೆ.”

ಟೈಪ್ ಮಾಡುವಾಗ ಕಾಲು ಬದಲಾದದ್ದನ್ನು ಪಟಾಕಿಯೂ ಕಂಡಿದ್ದಳು. ‘ಏನು ತಲೆಯಪ್ಪಾ ತಾತಂದು!’ ಎಂದು ಮನಸ್ಸಿನಲ್ಲೇ ಶಿಳ್ಳೆ ಹೊಡೆದಿದ್ದಳು. ಈಗ ನೋಡಿದರೆ ಅದು ಸುಳಿವಲ್ಲ, ಬರೀ ಮರೆವು. ಸುಳಿವು ಹುಡುಕುವವರ ಮನೆಯಲ್ಲಿ ಹುಟ್ಟಿದ್ದಕ್ಕೆ ಅವಳೂ ಮೋಸಹೋಗಿದ್ದಳು.

ಸಂಜೆ ತೀರ್ಪುಗಾರ್ತಿ ವೇದಿಕೆಗೆ ಬಂದು, ಎಲ್ಲರನ್ನೂ ಸಾಕಷ್ಟು ಸತಾಯಿಸಿ, ಕೊನೆಗೆ ತಾತನ ಪುಸ್ತಕದ ಹೆಸರು ಹೇಳಿದರು. “ಮುಖ್ಯವಾಗಿ, ಕುಂಟುವ ಕಾಲು ಬದಲಾಗುವ ಆ ಒಂದು ಸುಳಿವಿಗಾಗಿ!”

ಸಭಾಂಗಣ ಎದ್ದು ನಿಂತಿತು. ತಾತ ಮಾತ್ರ ಕುರ್ಚಿಗೆ ಅಂಟಿಕೊಂಡ.

“ತಪ್ಪಿಗೆ ಪ್ರಶಸ್ತಿ ತಗೊಳ್ಳೋದಾ?”

“ಥ್ಯಾಂಕ್ಸ್ ಅಂದು ಇಳಿದ್ಬಿಡು ತಾತ. ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಾಯ್ತಲ್ಲೇ.”

ಕೊನೆಗೆ ಅವನು ವೇದಿಕೆ ಹತ್ತಿ, ಪ್ರಶಸ್ತಿ ತೆಗೆದುಕೊಂಡು ಮೈಕಿನ ಮುಂದೆ ನಿಂತ. ಕೆಳಗೆ ಪಟಾಕಿ ಉಗುರು ಕಚ್ಚುತ್ತಿದ್ದಳು.

“ಅದು ಸುಳಿವಲ್ಲ,” ಎಂದ. “ಯಾವ ಕಾಲು ಅಂತ ನನಗೆ ಮರೆತುಹೋಗಿತ್ತು. ಈಗೀಗ ತುಂಬ ಮರೀತೀನಿ. ಬೆಳಗ್ಗೆ ಎದ್ದು ನಮ್ಮನೆ ಬಚ್ಚಲು ಎಲ್ಲಿ ಅಂತ ಹುಡುಕ್ತೀನಿ.”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆಯೋ ಚಪ್ಪಾಳೆ. “ಮತ್ತೆ ದಿಕ್ಕು ತಪ್ಪಿಸ್ತಿದಾರೆ ನೋಡಿ!” ಎಂದು ಯಾರೋ ಕೂಗಿದರು. ತಾನಾಗಿ ತಪ್ಪೊಪ್ಪಿಕೊಂಡವನನ್ನು ಪತ್ತೇದಾರಿ ಓದುಗ ಎಂದಾದರೂ ನಂಬಿದ್ದುಂಟೇ? ತಾತ ಪ್ರಶಸ್ತಿಯನ್ನು ಎದೆಗವುಚಿಕೊಂಡು ನಿಂತ. ನಿಜ ಹೇಳಿಯೂ ಒಂಟಿಯಾದವನಂತೆ.

ಪಟಾಕಿ ಓಡಿದಳು. ಅವಳಿಗಿಂತ ಮೊದಲೇ ಮೆಟ್ಟಿಲ ಬಳಿ ಹಲ್ಲಿನ ಡಾಕ್ಟರು ನಿಂತಿದ್ದರು. ಅವರು ನಗುತ್ತಿರಲಿಲ್ಲ.

“ನಿಧಾನ ಸಾರ್. ಇನ್ನೊಂದು ಮೆಟ್ಟಿಲಿದೆ.”

ತಾತ ಅವರ ಮುಖ ನೋಡಿದ. “ನೀವು ನಂಬಿದ್ರಾ?”

“ನಮ್ಮಪ್ಪನೂ ಬಚ್ಚಲು ಹುಡುಕ್ತಿದ್ರು ಸಾರ್.” ಡಾಕ್ಟರು ಕೈ ಬಿಡಲಿಲ್ಲ. “ಮುಂದಿನ ಪುಸ್ತಕದ ಕರಡು ನನಗೆ ಕಳಿಸ್ತೀರಾ? ಕಥೆ ನಿಮ್ದು. ಎಡ ಬಲ ನಾನು ನೋಡ್ಕೊತೀನಿ.”

‘ಅಯ್ಯೋ ಪಾಪ’ ಎನ್ನುವ ದನಿಯೇ ಅಲ್ಲ ಅದು. ಕೆಲಸ ಕೇಳುವ ದನಿ. ಪಟಾಕಿಗೆ ಒಂದು ಡೈಲಾಗ್ ಹೊಡೆಯಬೇಕೆನಿಸಿತು. ಅದರ ಬದಲು ತಾತನ ಇನ್ನೊಂದು ತೋಳು ಹಿಡಿದಳು.

“ಮುಂದಿನದ್ರಲ್ಲಿ ಸಾಯೋನು ಹಲ್ಲಿನ ಡಾಕ್ಟ್ರು,” ಎಂದ ತಾತ, ಕಣ್ಣು ಕಿರಿದು ಮಾಡಿ. “ಪರವಾಗಿಲ್ವಾ?”

“ಸಂತೋಷ ಸಾರ್. ಎಲ್ಲಿ ಕೊಲ್ತೀರಿ?”

“ಅವನದ್ದೇ ಕುರ್ಚೀಲಿ. ಕೂತ್ಕೊಳ್ಳಿ, ಹೇಳ್ತೀನಿ. ಲೇ ಪಟಾಕಿ, ನೀನೂ ಬಾರೆ, ಟೈಪ್ ಮಾಡ್ಕೋ.”