ಸುಡುವ ಬೊಂಬೆಗೆ ಮುಖ

ಜಹೀರಾಬಾದಿನ ಪ್ರೇಮಲಾಗೆ ಬೀದರಿನ ಹುಚ್ಚು ಹಿಡಿಸಿದವಳು ಅವಳ ಅಜ್ಜಿ. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಒಬ್ಬ ಸುಲ್ತಾನನ ಗೋರಿ ಇದೆ. ಮುಸ್ಲಿಮರು ಅವನನ್ನು ವಲಿ, ಸಂತ ಅಂತ ನೆನೆದರೆ ನಮ್ಮ ಲಿಂಗಾಯತರು ಅಲ್ಲಮಪ್ರಭು ಅಂತ ಕಾಯಿ ಒಡೆಯುತ್ತಾರೆ. ಒಳಗೆ ಗವ್ವೆನ್ನುವ ಕತ್ತಲು. ಕಾವಲಿನವನು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ಹಾಯಿಸಿದರೆ ಚಾವಣಿ ತುಂಬ ಚಿನ್ನ, ಕೆಂಪು, ನೀಲಿ ಬಳ್ಳಿಗಳು. ಚಿತ್ರಕಲೆ ಓದುವ ಹುಡುಗಿಗೆ ಇನ್ನೇನು ಬೇಕು? ಅಲ್ಲೇ ಕೂತು ಅವನ್ನು ಬರೆಯುವ ಶಿಬಿರಕ್ಕೆ ಅವಳ ಕಾಲೇಜಿನಿಂದ ಒಬ್ಬರಿಗೇ ಜಾಗವಿತ್ತು, ಅದು ಅವಳಿಗೇ ಸಿಕ್ಕಿತ್ತು.

ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯ ಕೇಳುವ ಮುಷ್ಕರ ಬಂತು, ಬಸ್ಸು ನಿಂತವು. ಅವಳ ಕಾಕಾ ಕಾಶಿನಾಥ ಊರಿನ ಹೋರಾಟ ಸಮಿತಿಯ ಮುಂದಾಳು. "ಬಂದ್ ಮುರದು ಯಾರೂ ಊರು ದಾಟಂಗಿಲ್ಲ. ನಮ್ಮ ಮನಿಯವರೇ ದಾಟಿದ್ರ ನಾ ಮಂದಿಗಿ ಏನು ಹೇಳ್ಲಿ?" ಅಂದ. ಅಪ್ಪನೂ ಹೌದೆಂದು ತಲೆಯಾಡಿಸಿದ. ಪ್ರೇಮಲಾ ಬಣ್ಣದ ಡಬ್ಬಿ ಮುಚ್ಚಿಟ್ಟಳು.

ವಾರದೊಳಗೆ ಸಂಗತಿ ಹೊರಬಿತ್ತು. ಅದೇ ಕಾಲೇಜಿನಲ್ಲಿ ಓದುವ ತನ್ನ ಮಗನನ್ನು ಕಾಕಾ, ಸಮಿತಿಯ ಬಾವುಟ ಕಟ್ಟಿದ ಜೀಪಿನಲ್ಲಿ, ಅವಳ ಜಾಗಕ್ಕೇ ಕಳಿಸಿದ್ದ. ನೆಟ್ಟಗೆ ಒಂದು ಗೆರೆ ಎಳೆಯಲು ಬಾರದ ಆ ದಡ್ಡನನ್ನು! ಪ್ರೇಮಲಾ ಅಳಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದವರಿಗೆ ಅಳು ಎಲ್ಲಿಂದ ಬರಬೇಕು? ಈ ಕಾಕಾನ ಮಾನ ನಾಲ್ಕು ಮಂದಿಯ ಮುಂದೆ ಕಳೆಯದೆ ಬಿಡುವುದಿಲ್ಲ ಅಂದುಕೊಂಡಳು.

ದೇವರು ಕಣ್ಣು ತೆರೆದ. ದಿಲ್ಲಿಯ ಮಂತ್ರಿಯೊಬ್ಬರ ಹುಲ್ಲಿನ ಬೊಂಬೆಯನ್ನು ಚೌರಸ್ತಾದಲ್ಲಿ ಸುಡುವುದೆಂದು ಸಮಿತಿ ಗೊತ್ತು ಮಾಡಿತು. ಮುಖ ಬರೆಯುವವರು ಯಾರು? ಕಾಕಾ ತಾನೇ ಬಂದು ಅವಳ ಬೆನ್ನು ತಟ್ಟಿ ಕೆಲಸ ಒಪ್ಪಿಸಿದ. ತಲೆಗೆಂದು ತಂದ ಮಡಕೆಯ ಮೇಲೆ ಅವಳು ಮನಸಿಟ್ಟು ಬರೆದಳು: ಹುರಿ ಮೀಸೆ, ಸೀಳಿದ ಹುಬ್ಬು, ಮೂಗಿನ ಪಕ್ಕದ ಮಚ್ಚೆ. ಮೇಲೆ ಬುಟ್ಟಿ ಬೋರಲು ಹಾಕಿ, ಬಣ್ಣ ಹಸಿಯಿದೆ, ಧೂಳು ಕೂರುತ್ತದೆ, ಚೌರಸ್ತಾ ಮುಟ್ಟುವ ತನಕ ತೆಗೆಯಬೇಡಿ ಅಂದಳು.

ಚೌರಸ್ತಾದಲ್ಲಿ ಬುಟ್ಟಿ ತೆಗೆದರು. ಪಂಜು ಹಿಡಿದ ಕಾಶಿನಾಥ ತನ್ನ ಮುಖವನ್ನು ತಾನೇ ನೋಡುತ್ತ ನಿಂತಿದ್ದ. ಯಾರೋ ಕಿಸಕ್ಕನೆ ನಕ್ಕರು.

"ಯಾರ್ ಬರದಾರ ಇದು?" ಎಂದು ಕಾಶಿನಾಥ ಗದರಿದ.

"ನಾನೇ ಬರ್ದೀನ್ರಿ, ಕಾಕಾ," ಎಂದು ಪ್ರೇಮಲಾ ಮುಂದೆ ಬಂದಳು. "ಬಂದ್ ಮುರದು, ಸಮಿತಿ ಜೀಪಿನ್ಯಾಗ ಮಗನ್ನ ಬೀದರಿಗಿ ಕಳಿಸಿದವರ ಮುಖ ಇದು. ನಾ ಹೋಗಿ ಕಲ್ತು ಬಂದಿದ್ರ ಇನ್ನಾ ಚಂದ ಬರೀತಿದ್ದೆ."

ಸಂಬಳ ಬಿಟ್ಟು ಮುಷ್ಕರಕ್ಕೆ ಕೂತ ಬಸ್ ಡ್ರೈವರುಗಳು ಎದ್ದು ನಿಂತರು. ಅವರ ಕಡೆಯಿಂದ ಮೊದಲ ಚಪ್ಪಲಿ ಬಂತು. ಅದು ಬೊಂಬೆಗೆ ಬೀಳಲಿಲ್ಲ.