ಅವನು ಇಟ್ಟ ಬುಕ್‌ಮಾರ್ಕ್

"ಇದು ನಾನು ಹಾಕಿದ್ದಲ್ಲ ಅಕ್ಕಾ," ಎಂದಳು ತಂಗಿ. ಬ್ರೌಸರಿನ ಮೇಲಂಚಿನಲ್ಲಿ ಹೊಸ ಬುಕ್‌ಮಾರ್ಕ್ ಒಂದು ಬಂದು ಕೂತಿತ್ತು. ಮಗಳಿಗಾಗಿ ಅವಳು ನಿನ್ನೆ ಹುಡುಕಿದ್ದ ಶಾಲೆ. ಅದಕ್ಕೆ ಗಂಡ ಇಟ್ಟಿದ್ದ ಹೆಸರು: 'ಒಳ್ಳೇ ಶಾಲೆ'.

ಅವಳು ಜೀವ ಕೈಯಲ್ಲಿ ಹಿಡಿದು, ಗಂಡನಿಗೆ ವಿಳಾಸ ಗೊತ್ತಿಲ್ಲದ ಅಕ್ಕನ ಹೊಸ ಮನೆಗೆ ಓಡಿಬಂದು ಹನ್ನೊಂದು ದಿನವಾಗಿತ್ತು. ಅವನು ಮುರಿದ ಮಣಿಕಟ್ಟಿಗೆ ಇನ್ನೂ ಪಟ್ಟಿಯಿತ್ತು. ಫೋನು, ನಂಬರು ಎಲ್ಲ ಬದಲಾಯಿಸಿದ್ದಳು. ಲ್ಯಾಪ್‌ಟಾಪ್ ಮಾತ್ರ ಬಿಡುವಂತಿರಲಿಲ್ಲ. ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸವೆಲ್ಲ ಅದರಲ್ಲೇ ಇತ್ತು. ಅದರ ಬ್ರೌಸರೋ, ಎಷ್ಟು ಸಲ ಲಾಗೌಟ್ ಮಾಡಿದರೂ ಮತ್ತೆ ಗಂಡನ ಖಾತೆಯಲ್ಲೇ ತೆರೆದುಕೊಳ್ಳುತ್ತಿತ್ತು. ಇಲ್ಲಿ ಅವಳು ಹುಡುಕಿದ್ದು ಅಲ್ಲಿ ಅವನಿಗೆ ಕಾಣುತ್ತಿತ್ತು, ಅವನು ಹಾಕಿದ ಗುರುತು ಇವಳಿಗೆ.

ಅಕ್ಕ ಕಚೇರಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವಳು. ರಜೆ ಹಾಕಿ ಕೂತಳು. ಬ್ರೌಸರು ಕೇಳದೆ ಹೇಳದೆ ಎಲ್ಲೆಲ್ಲಿಗೆ ಸಂಪರ್ಕ ಮಾಡುತ್ತದೆ ಎಂಬ ಪಟ್ಟಿ ತೆಗೆದಳು. ಒಂದು ಪುಟವನ್ನೂ ತೆರೆದಿರಲಿಲ್ಲ, ಆಗಲೇ ಮೂವತ್ತೇಳು ಸಾಲು.

"ನಾವು ಸುಮ್ನೆ ಕೂತ್ರೂ ಇದು ಚಾಡಿ ಹೇಳ್ತಾನೇ ಇರುತ್ತೆ ನೋಡು."

"ಎಲ್ಲಾ ಮುಚ್ಚಿಬಿಡು."

"ಎಲ್ಲಾ ಮುಚ್ಚಿದ್ರೆ ನಿನ್ನ ಕರಡೂ ಹೋಗಲ್ಲ ಕಣೇ. ಒಂದೊಂದಾಗಿ ನೋಡೋಣ, ತಡಿ."

ಒಂದು ಸಾಲು ಮುಚ್ಚುವುದು, ಬ್ರೌಸರ್ ಮತ್ತೆ ತೆರೆಯುವುದು, ಕಾಯುವುದು. ಹತ್ತೊಂಬತ್ತನೆಯ ಸಾಲಿಗೆ ಗಂಡನ ಖಾತೆಯ ಚಿತ್ರ ಬೂದು ಬಣ್ಣಕ್ಕೆ ತಿರುಗಿತು.

"ಮುಗೀತು. ಇನ್ನು ಇಲ್ಲಿಂದ ಅವನಿಗೇನೂ ಹೋಗಲ್ಲ, ಅಲ್ಲಿಂದ ಏನೂ ಬರಲ್ಲ," ಎಂದು ಅಕ್ಕ ಚಹಾಕ್ಕೆ ನೀರಿಟ್ಟಳು.

ಮಗಳು ಬೂಟು ತಂದು ನೆಲದ ಮೇಲೆ ಕೂತಳು. "ಅಮ್ಮಾ, ಈಗ ಪಾರ್ಕಿಗೆ ಹೋಗಬಹುದಾ?" ಹನ್ನೊಂದು ದಿನದಿಂದ ಹೊಸಿಲು ದಾಟದ ಮಗು.

ಹೂಂ ಎನ್ನಲು ಬಾಯಿ ತೆರೆದವಳು ಲ್ಯಾಪ್‌ಟಾಪಿನತ್ತ ತಿರುಗಿದಳು. ಬೆಳಿಗ್ಗೆ, ಆ ಬುಕ್‌ಮಾರ್ಕ್ ಕಣ್ಣಿಗೆ ಬೀಳುವ ಮೊದಲು, ಆ ಶಾಲೆಗೆ ಯಾವ ಬಸ್ಸು ಎಂದು ನೋಡಿದ್ದಳು. ಎಲ್ಲಿಂದ ಎಂದು ಕೇಳಿದ ಕಡೆ ಅಕ್ಕನ ಬೀದಿಯ ಸ್ಟಾಪಿನ ಹೆಸರು ಬರೆದಿದ್ದಳು. ಅದು ಹೋಯಿತೋ ಇಲ್ಲವೋ? ಇಷ್ಟು ಹೊತ್ತಿನವರೆಗೆ ಅವನಿಗೇನು ಗೊತ್ತು ಎಂಬುದಾದರೂ ಇವಳಿಗೆ ಗೊತ್ತಾಗುತ್ತಿತ್ತು. ಈಗ ಅದೂ ಇಲ್ಲ.

"ಅಕ್ಕಾ, ಆ ಒಂದು ಸಾಲು ತೆಗಿ. ಒಂದೇ ನಿಮಿಷ."

"ತಲೆ ಕೆಟ್ಟಿದೆಯಾ ನಿಂಗೆ? ಈಗ ತಾನೇ ಮುಚ್ಚಿದ್ದು."

"ನಿನ್ನ ಕಾಲಿಗೆ ಬೀಳ್ತೀನಿ. ತೆಗಿ."

ಅಕ್ಕ ತೆಗೆದಳು. ಚಿತ್ರಕ್ಕೆ ಬಣ್ಣ ಬಂತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ 'ಒಳ್ಳೇ ಶಾಲೆ'ಯ ಪಕ್ಕಕ್ಕೆ ಇನ್ನೊಂದು ಬುಕ್‌ಮಾರ್ಕ್ ಬಂದು ನಿಂತಿತು. ಅಕ್ಕನ ಬೀದಿಯ ಬಸ್ ಸ್ಟಾಪಿನ ನಕ್ಷೆ. ಅದರ ಹೆಸರು: 'ಇಳಿದೆ'.

ಮಗಳು ಲೇಸು ತಾನೇ ಕಟ್ಟಿಕೊಂಡು ಎದ್ದು ನಿಂತಿದ್ದಳು. ಅಮ್ಮನ ಮುಖ ನೋಡಿ, ಇವತ್ತೂ ಇಲ್ಲ ಎಂದುಕೊಂಡು, ಮತ್ತೆ ಬಗ್ಗಿದಳು.

"ಬೂಟು ಬಿಚ್ಬೇಡ ಪುಟ್ಟಿ," ಎಂದಳು ತಾಯಿ, ಒಂದೇ ಕೈಯಲ್ಲಿ ಚೀಲಕ್ಕೆ ಬಟ್ಟೆ ತುರುಕುತ್ತ.

ಅಕ್ಕ ಹಿಂಬಾಗಿಲ ಬೀಗದ ಕೈ ತೆಗೆದುಕೊಂಡು, ಇನ್ನೂ ಕುದಿಯದ ಚಹಾದ ಒಲೆ ಆರಿಸಿದಳು.